ಗಾಳಿಗೊಂದು ಬಾಗಿಲು

ನಾಲ್ಕನೆಯ ಸುತ್ತಿನಲ್ಲಿ, ಕಡಲ ಕಡೆಗೆ ಇಳಿಯುವ ತಿರುವಿನಲ್ಲಿ
ಪೆಡಲ್ಲು ಮೆತ್ತಗಾಯಿತಂತೆ.
ನೆನೆದ ಬ್ರೆಡ್ಡು ತುಳಿದ ಹಾಗಿತ್ತಪ್ಪಾ,
ಅಂದಳು ಹೆಲೆದ್, ಹೆಲ್ಮೆಟ್ಟು ತೆಗೆಯದೆ.
ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು
ಜಲ್ಲಿಯಲ್ಲಿ ಹೊಟ್ಟೆತನಕ ಹೂತು ನಿಂತಿತ್ತು,
ಮುಂದಿನ ಚಕ್ರಗಳಲ್ಲಿ ಹೊಗೆ,
ಸುಟ್ಟ ಗೊರಸಿನ ವಾಸನೆ.

ಈ ಆಂಗ್ಲ್‌ಸೀ ದ್ವೀಪದಲ್ಲಿ ಯಾವುದಕ್ಕೆ ಬರ ಬಂದರೂ ಗಾಳಿಗಿಲ್ಲ.
ಗಾಳಿ ಬಂದಾಗ ತೂರಿಕೋ ಅಂದರೆ ಇಲ್ಲಿಯವರು ನಕ್ಕಾರು:
ಬರದ ದಿನ ಯಾವುದು?
ಐರಿಷ್ ಕಡಲಿಂದೆದ್ದು
ಕುರಿಗಳ ಉಣ್ಣೆಗೆ ಬೈತಲೆ ತೆಗೆದು
ನನ್ನ ಬೇಕರಿಯ ಬೋರ್ಡಿನಿಂದ ಎರಡಕ್ಷರ ಕಿತ್ತುಕೊಂಡು ಹೋಗಿ
ಹದಿನಾಲ್ಕು ವರ್ಷ.
ಅಂಥ ಗಾಳಿಯಲ್ಲಿ ಗಂಟೆಗೆ ನೂರು ಮೈಲಿ ಓಡಿಯೂ
ತಟ್ಟೆಯಗಲದ ಒಂದು ಜಾಗಕ್ಕೆ ಗಾಳಿ ಸಾಲಲಿಲ್ಲವೆ?

ಸಾಲಲ್ಲ, ಅಂದ ಗೆಥಿನ್.
ಡೇರಿಗಳ ಹಾಲು ಕರೆಯುವ ಯಂತ್ರ ರಿಪೇರಿ ಅವನ ಕಸುಬು,
ಮಾತಿಗೊಂದು ಕೆಮ್ಮು.
ಬಂಪರಿಗೆ ಬಡಿದು ಪಕ್ಕಕ್ಕೆ ಸರಿದುಬಿಡುತ್ತೆ, ಈವನ್.
ಕರೆಯದೆ ಒಳಗೆ ಬರೋ ಜಾತಿಯಲ್ಲ ಅದು.
ಬಾಗಿಲು ಕೊರೀಬೇಕು.

ಭಾನುವಾರ ರಾತ್ರಿ, ಒಲೆ ಆರಿದ ಮೇಲೆ,
ಮಂಜಿನ ದೀಪಗಳನ್ನು ಬಿಚ್ಚಿದೆವು.
ಎರಡು ಸ್ಕ್ರೂ ಸುಲಭಕ್ಕೆ ಬಂದವು,
ಮೂರನೆಯದು ತುಕ್ಕು ತಿಂದು ಹಟ ಹಿಡಿದು ಕೂತಿತು.
ಕಣ್ಣು ಕಿತ್ತ ಗುಂಡಿಯಲ್ಲಿ ಮೂಗು ಕೂರಿಸಿದೆವು.
ಅದರ ಬೆನ್ನಿಗೆ ಮೂರಿಂಚಿನ ಕೊಳವೆ, ಕಿತ್ತಳೆ ಬಣ್ಣ,
ಒಳಗೆ ತಂತಿಯ ಸುರುಳಿ.
ಎಡಕ್ಕೆ ತಿರುಗಿಸು, ಹೆಲೆದ್. ಟಯರಿಗೆ ಉಜ್ಜುತ್ತೆ.
ಬಲಕ್ಕೆ. ಸೆಟೆದು ನಿಲ್ಲುತ್ತೆ.
ಇನ್ನೂ ಎಡಕ್ಕೆ, ತಡಿ. ಬಲಕ್ಕೆ, ತಡಿ ತಡಿ.
ಈ ಎಡಬಲದಲ್ಲೇ ಹನ್ನೊಂದು ಹೊಡೆಯಿತು.

ಡಿಸ್ಕಿನ ಹಿಂದಿನ ತಗಡು ಮಾತ್ರ ನನ್ನ ಪಾಲಿನದು:
ಒಣದ್ರಾಕ್ಷಿಯ ಬ್ರೆಡ್ಡು ಸುಟ್ಟು ಸುಟ್ಟು ಕಪ್ಪಾದ ಟ್ರೇ,
ಕತ್ತರಿಸುವಾಗ ಸಕ್ಕರೆಯ ಹಕ್ಕಳೆ ಉದುರಿತು.

ಗಾಳಿ ಎಲ್ಲಿಗೆ ಬೀಳಬೇಕು?
ಕೆಂಪಾಗೋ ಮುಖಕ್ಕೇ ಅಲ್ವಾ, ಅಂದಳು.
ಗೆಥಿನ್ ಕೆಮ್ಮಿ ಮುಗಿಸುವ ಮೊದಲೇ ನಾನಂದೆ, ಅಲ್ಲ ಮಗಳೇ.
ಒಲೆಯಿಂದ ತೆಗೆದದ್ದನ್ನು ಕಿಟಕಿಗೆದುರು ಇಟ್ಟರೆ
ಒಂದು ಕೆನ್ನೆ ಬಿರಿಯುತ್ತೆ, ಹೊಟ್ಟೆ ಹಾಗೇ ಕುದಿಯುತ್ತೆ.
ನಡುವಿಗೆ ಕೊಡು.
ಎರಡು ಪದರಗಳ ನಡುವೆ ಸಣ್ಣ ಸಣ್ಣ ಓಣಿಗಳಿವೆ,
ತಿರುಗುತ್ತ ತಾನೇ ಎಳೆದುಕೊಂಡು ಅಂಚಿನಿಂದ ಉಗುಳುತ್ತೆ.
ಗೆಥಿನ್ ಮತ್ತೆ ಕೆಮ್ಮಿದ. ಅದು ಅವನ ಶಹಭಾಸ್.

ಮೂರು ವರ್ಷದಿಂದ ಒಂದೇ ಮಾತು ನನ್ನದು: ನಿಲ್ಲಿಸು, ನಿಲ್ಲಿಸು ಈ ಓಟ.
ಈಗ ನೋಡಿ,
ಬೆನ್ನಿಗೆ ರಟ್ಟು ಹಾಸಿ ಅವಳ ಕಾರಿನಡಿ ಮಲಗಿದ್ದೇನೆ,
ನಿಲ್ಲುವುದನ್ನು ರಿಪೇರಿ ಮಾಡುತ್ತ.

ಡಿಸ್ಕಿನ ಅಂಚಿಗೆ ಮೂರು ಗೆರೆ ಬಣ್ಣ ಎಳೆದಳು:
ಹಸಿರು, ಕಿತ್ತಳೆ, ಕೆಂಪು. ಬಿಸಿ ಏರಿದಂತೆ ಒಂದೊಂದೇ ಬೆಳ್ಳಗಾಗುತ್ತವೆ.
ಹೋದ ಸಲ ಮೂರೂ ವಿಧವೆಯರ ಹಾಗೆ ಸುಣ್ಣ.
ಈ ಸಲ ಹನ್ನೆರಡು ಸುತ್ತು ಮುಗಿಸಿ ಬಂದಾಗ
ಹಸಿರು ಹೋಗಿತ್ತು,
ಕಿತ್ತಳೆ ಅರೆಮನಸ್ಸಿನಲ್ಲಿತ್ತು,
ಕೆಂಪು ಕೆಂಪಾಗಿಯೇ ಇತ್ತು.
ಎಡಗಡೆಯ ಕೊಳವೆ ಮಾತ್ರ ಉಜ್ಜಿ ತೂತಾಗಿದೆ.
ಅದರ ಸರದಿ ಮುಂದಿನ ಭಾನುವಾರ.

ಮನೆಗೆ ಹೊರಟರೆ ಮಂಜು,
ಕೈ ಚಾಚಿದರೆ ಕೈ ಕಾಣದಂಥದ್ದು.
ಮಂಜಿನ ದೀಪಗಳು ಬೇಕರಿಯ ಕಪಾಟಿನಲ್ಲಿ, ಯೀಸ್ಟ್ ಡಬ್ಬಿಯ ಪಕ್ಕ.
ಇಪ್ಪತ್ತು ಮೈಲಿಯ ವೇಗದಲ್ಲಿ ತೆವಳಿದೆವು.
ಆ ಎರಡು ಮೂಗು
ತಣ್ಣಗಿದ್ದ ಬ್ರೇಕಿಗೆ ಮಂಜು ಉಣಿಸುತ್ತಿದ್ದವು.

ಗೋಡೆಯ ಸಂದಿಯಿಂದ ರಸ್ತೆಗೆ ಇಳಿಯಿತು ಒಂದು ಕುರಿ.
ಕಾಲಿಟ್ಟಳು.
ನಿಂತಿತು, ಅಳೆದ ಹಾಗೆ.
ಕುರಿ ಒಂದು ಸಲ ನಮ್ಮನ್ನು ನೋಡಿ ಮೇವು ಮೆಲುಕಿತು.

ಅಪ್ಪಾ, ಅಂದಳು ಸ್ವಲ್ಪ ಹೊತ್ತಿಗೆ,
ಟ್ರೇ ಒಂದು ಕಮ್ಮಿಯಿದೆಯಲ್ಲ ಅಂತ
ಅಮ್ಮ ಕೇಳಿದರೆ ಏನು ಹೇಳೋದು?